ಡೆಟ್ರಾಯಿಟ್ 1967: ಪೊಲೀಸ್ ದಾಳಿ ನೆಪ, ಕಾರಣ ಹಳೆಯದು

ಅಮೆರಿಕದ ಡೆಟ್ರಾಯಿಟ್ ಗಲಭೆಗೆ ಕಾರಣ ಬರೆಯಿರಿ ಎಂದರೆ ಬಹಳ ಮಂದಿ 1967ರ ಜುಲೈ 23ರ ಪೊಲೀಸ್ ದಾಳಿಯಿಂದ ಶುರುಮಾಡುತ್ತಾರೆ. ಎಡವುವುದು ಅಲ್ಲೇ. ಪರವಾನಗಿಯಿಲ್ಲದ ಮದ್ಯದ ಅಡ್ಡೆಗಳ ಮೇಲೆ ಅಲ್ಲಿನ ಪೊಲೀಸರು ಆಗಾಗ ದಾಳಿ ಮಾಡುತ್ತಲೇ ಇದ್ದರು. ಆ ದಿನವೇ ಊರು ಯಾಕೆ ಹೊತ್ತಿಕೊಂಡಿತು ಅನ್ನುವುದು ನಿಜವಾದ ಪ್ರಶ್ನೆ. ಹಾಗಾಗಿ ವಸತಿಯ ಸಮಸ್ಯೆಯಿಂದ ಓದಲು ಶುರುಮಾಡಿ.

ಬಿಳಿಯರ ಬಡಾವಣೆಗಳ ಕ್ರಯಪತ್ರದಲ್ಲೇ ‘ಕಪ್ಪು ಜನರಿಗೆ ಮಾರಕೂಡದು’ ಎಂಬ ಷರತ್ತು ಇರುತ್ತಿತ್ತು. ಇಂಥ ಷರತ್ತನ್ನು ಕೋರ್ಟುಗಳು ಜಾರಿಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ಸರ್ಕಾರದ ಗೃಹಸಾಲ ವಿಮೆಯೂ (ಸಾಲ ತೀರದಿದ್ದರೆ ಬ್ಯಾಂಕಿಗೆ ಸರ್ಕಾರ ಕೊಡುವ ಖಾತರಿ) ಕಪ್ಪು ಜನರಿದ್ದ ಬೀದಿಗಳನ್ನು ದೂರವಿಟ್ಟಿತ್ತು. 1941ರಲ್ಲಿ ‘ಏಟ್ ಮೈಲ್’ ರಸ್ತೆಯ ಬಳಿ ಒಬ್ಬ ಬಿಲ್ಡರ್ ತನ್ನ ಬಿಳಿಯರ ಬಡಾವಣೆಗೆ ಆ ವಿಮೆ ಸಿಗಲೆಂದೇ ಒಂದು ಗೋಡೆ ಕಟ್ಟಿಸಿದ: 6 ಅಡಿ ಎತ್ತರ, ಅರ್ಧ ಮೈಲಿ ಉದ್ದ. ಆಚೆ ಕಪ್ಪು ಜನರ ಮನೆಗಳು. ಗೋಡೆಯ ಭಾಗ ಇಂದಿಗೂ ನಿಂತಿದೆ. ಮುಂದೆ ನಗರ ನವೀಕರಣಕ್ಕೂ ಹೆದ್ದಾರಿಗೂ ಕಪ್ಪು ಜನರ ಬ್ಲ್ಯಾಕ್ ಬಾಟಮ್ ಕೇರಿಯನ್ನೂ ಹೇಸ್ಟಿಂಗ್ಸ್ ಬೀದಿಯ ಅಂಗಡಿಸಾಲನ್ನೂ ಕೆಡವಿದರು. ನೆಲೆ ಕಳೆದುಕೊಂಡ ಎಷ್ಟೋ ಕುಟುಂಬಗಳು 12ನೇ ಬೀದಿಯ ಸುತ್ತ ಬಂದು ಒತ್ತಿಕೊಂಡವು. ಈ ಬೀದಿಯ ಹೆಸರು ನೆನಪಿಡಿ.

ಕೆಲಸದ ಮಾತು ಚಿಕ್ಕದು: ಕಾರ್ಖಾನೆಗಳು ಹೊರವಲಯಕ್ಕೆ ಹೋದವು, 1947–63ರ ನಡುವೆ ನಗರ ಲಕ್ಷಕ್ಕೂ ಹೆಚ್ಚು ಕೈಗಾರಿಕಾ ಉದ್ಯೋಗ ಕಳೆದುಕೊಂಡಿತು. ಪೊಲೀಸರದ್ದು ಇನ್ನೂ ಹತ್ತಿರದ ನೋವು. ಊರಿನ ಜನರಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಕಪ್ಪು ಜನ, ಪೊಲೀಸರಲ್ಲಿ ಸುಮಾರು 95% ಬಿಳಿಯರು. ಒಂದೇ ಕಾರಿನಲ್ಲಿ ನಾಲ್ವರು ಬಂದು ದಾರಿಹೋಕರನ್ನು ತಡೆದು ಗದರಿಸುವ ‘ಬಿಗ್ ಫೋರ್’ ತಂಡಕ್ಕೆ ಯುವಕರು ನಡುಗುತ್ತಿದ್ದರು.

ಈಗ ದಾಳಿಗೆ ಬನ್ನಿ. ಭಾನುವಾರ ಬೆಳಗಿನ ಜಾವ, ಅದೇ 12ನೇ ಬೀದಿ. ಅಂಥದ್ದೇ ಒಂದು ಮದ್ಯದ ಅಡ್ಡೆಯೊಳಗೆ ಕೆಲವೇ ಜನ ಇರಬಹುದೆಂದು ಹೋದ ಪೊಲೀಸರಿಗೆ 80ಕ್ಕೂ ಹೆಚ್ಚು ಮಂದಿ ಸಿಕ್ಕರು. ವಿಯೆಟ್ನಾಂನಿಂದ ಮರಳಿದ ಸೈನಿಕರಿಗಾಗಿ ಔತಣ ನಡೆದಿತ್ತು. ಎಲ್ಲರನ್ನೂ ಬಂಧಿಸಿದರು. ಸಾಗಿಸಲು ಸಾಕಷ್ಟು ವ್ಯಾನ್ ಇರಲಿಲ್ಲ. ಸೆಕೆಯ ರಾತ್ರಿ, ಬೀದಿಯಲ್ಲಿ ಜನ ಎಚ್ಚರವಿದ್ದರು. ವ್ಯಾನ್‌ಗಳು ಬಂದು ಹೋಗುವಷ್ಟರಲ್ಲಿ ಗುಂಪು ಬೆಳೆಯಿತು, ಬಾಟಲಿ ಹಾರಿತು, ಗಾಜು ಒಡೆಯಿತು.

ಐದು ದಿನಗಳಲ್ಲಿ 43 ಸಾವು. ಅವರಲ್ಲಿ 33 ಮಂದಿ ಕಪ್ಪು ಜನ. 7,200ಕ್ಕೂ ಹೆಚ್ಚು ಬಂಧನ. ಹತೋಟಿಗೆ ತಂದ ರೀತಿಯನ್ನೂ ಬರೆಯಲೇಬೇಕು. ಹೆಚ್ಚುಕಡಿಮೆ ಬಿಳಿಯರೇ ತುಂಬಿದ್ದ, ತರಬೇತಿ ಸಾಲದ ನ್ಯಾಷನಲ್ ಗಾರ್ಡ್ (ರಾಜ್ಯದ ಮೀಸಲು ಪಡೆ) ಕತ್ತಲಲ್ಲಿ ಬೆಳಕು ಕಂಡಲ್ಲೆಲ್ಲ ಗುಂಡು ಹಾರಿಸಿತು. ಸಿಗರೇಟಿನ ಕಿಡಿಯನ್ನು ಬಂದೂಕೆಂದು ತಿಳಿದು ಹಾರಿಸಿದ ಗುಂಡಿಗೆ ಮನೆಯೊಳಗಿದ್ದ ನಾಲ್ಕು ವರ್ಷದ ಮಗು ಸತ್ತಿತು. ಆಮೇಲೆ ಬಂದ, ಕಪ್ಪು ಯೋಧರೂ ಸಾಕಷ್ಟಿದ್ದ ಸೇನೆಯ ಪ್ಯಾರಾಟ್ರೂಪರ್‌ಗಳು ಬಂದೂಕಿನಿಂದ ಗುಂಡು ತೆಗೆದಿಡುವಂತೆ ಆಜ್ಞೆ ಪಡೆದಿದ್ದರು. ಅವರು ಹಾರಿಸಿದ್ದು ಒಟ್ಟು 201 ಗುಂಡು.

ಮರುವರ್ಷ, ಇಂಥ ಗಲಭೆಗಳ ತನಿಖೆಗೆ ಅಮೆರಿಕದ ಅಧ್ಯಕ್ಷರು ನೇಮಿಸಿದ್ದ ಕರ್ನರ್ ಆಯೋಗ ಹಲವು ನಗರಗಳ ಕುಂದುಕೊರತೆಗಳನ್ನು ತೂಗಿ ನೋಡಿತು. ಪೊಲೀಸರ ನಡವಳಿಕೆ, ನಿರುದ್ಯೋಗ, ವಸತಿ ಇವೇ ಮೇಲಿನ ಮೂರು.

ಪದ ಬಳಸುವಾಗ ಎಚ್ಚರ. 1943ರಲ್ಲಿ ಇದೇ ಊರಲ್ಲಿ ಬಿಳಿಯರೂ ಕಪ್ಪು ಜನರೂ ಬೀದಿಯಲ್ಲಿ ಪರಸ್ಪರ ಬಡಿದಾಡಿದ್ದರು, 34 ಮಂದಿ ಸತ್ತರು. ಅದು ಜನಾಂಗೀಯ ಗಲಭೆಯೇ. 1967ರ ಸಿಟ್ಟು ತಿರುಗಿದ್ದು ಪೊಲೀಸರ ಮೇಲೆ, ಅಂಗಡಿಗಳ ಮೇಲೆ. ಕೆಲವೆಡೆ ಬಿಳಿಯರೂ ಲೂಟಿಗೆ ಸೇರಿದ್ದರು. ಡೆಟ್ರಾಯಿಟ್‌ನಲ್ಲಿ ಅನೇಕರು ಅದನ್ನು ‘ಬಂಡಾಯ’ ಅನ್ನುತ್ತಾರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.