ಎರ್ಫರ್ಟ್‌ನಿಂದ ಮೂರನೇ ದಾರಿಯವರೆಗೆ: ಯುರೋಪಿನ ಸೋಷಿಯಲ್ ಡೆಮಾಕ್ರಸಿ ಕುರಿತ ಅಧ್ಯಯನ ಟಿಪ್ಪಣಿ

ಜರ್ಮನಿಯ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ, ಅಂದರೆ ಎಸ್‌ಪಿಡಿ, 1891ರಲ್ಲಿ ಎರ್ಫರ್ಟ್ ನಗರದ ಅಧಿವೇಶನದಲ್ಲಿ ಒಪ್ಪಿಕೊಂಡ ಕಾರ್ಯಕ್ರಮಕ್ಕೆ ಎರಡು ಭಾಗಗಳಿದ್ದವು. ಕಾರ್ಲ್ ಕೌಟ್ಸ್ಕಿ ಬರೆದ ಮೊದಲ ಭಾಗವು, ಬಂಡವಾಳಶಾಹಿಯ ಒಳ ವೈರುಧ್ಯಗಳು ದಿನೇ ದಿನೇ ತೀವ್ರವಾಗುತ್ತಿವೆ, ಸಣ್ಣ ಉತ್ಪಾದಕರು ಅಳಿದುಹೋಗುತ್ತಿದ್ದಾರೆ, ಉತ್ಪಾದನಾ ಸಾಧನಗಳ ಖಾಸಗಿ ಒಡೆತನವು ಸಮಾಜದ ಒಡೆತನವಾಗಿ ಮಾರ್ಪಡಲೇಬೇಕು ಎಂದು ಸಾರಿತು. ಎಡ್ವರ್ಡ್ ಬರ್ನ್‌ಸ್ಟೈನ್ ಮುಖ್ಯವಾಗಿ ಸಿದ್ಧಪಡಿಸಿದ ಎರಡನೆಯ ಭಾಗದಲ್ಲಿ ಅಂತಹ ಭವಿಷ್ಯವಾಣಿಯೇನೂ ಇರಲಿಲ್ಲ. 20 ವರ್ಷ ದಾಟಿದ ಗಂಡಸರಿಗೂ ಹೆಂಗಸರಿಗೂ ಮತದಾನದ ಹಕ್ಕು, ದಿನಕ್ಕೆ 8 ಗಂಟೆಯ ದುಡಿಮೆ, 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಹಚ್ಚುವುದರ ನಿಷೇಧ, ಉಚಿತ ವೈದ್ಯಕೀಯ ನೆರವು, ವರಮಾನ ಏರಿದಂತೆ ಏರುವ ತೆರಿಗೆ ಮುಂತಾದ ಬೇಡಿಕೆಗಳು ಅದರಲ್ಲಿದ್ದವು. ಮೊದಲ ಭಾಗವೇ ನಿಜವಾದರೆ ಎರಡನೆಯದಕ್ಕಾಗಿ ಇಷ್ಟು ಹೆಣಗುವುದೇಕೆ, ಎರಡನೆಯದು ಕೈಗೂಡುತ್ತಾ ಹೋದರೆ ಮೊದಲನೆಯದರ ಗತಿಯೇನು ಎಂಬ ಪ್ರಶ್ನೆಯನ್ನು ಆ ದಸ್ತಾವೇಜು ಬಗೆಹರಿಸದೆ ಉಳಿಸಿತು.

ಪಠ್ಯಪುಸ್ತಕಗಳಲ್ಲಿ 1990ರ ದಶಕದ ಮೂರನೇ ದಾರಿಯನ್ನು, ಎಂದರೆ ಬ್ರಿಟನ್ನಿನ ಪ್ರಧಾನಿ ಟೋನಿ ಬ್ಲೇರ್ ಮುಂತಾದವರು ಮಾರುಕಟ್ಟೆಯನ್ನು ಒಪ್ಪಿ ಸೋಷಿಯಲ್ ಡೆಮಾಕ್ರಸಿಗೆ ಕೊಟ್ಟ ಹೊಸ ರೂಪವನ್ನು, ಹಠಾತ್ತನೆ ನಡೆದ ತಿರುವೆಂದೋ, ದ್ರೋಹವೆಂದೋ ಹೇಳಿ ಮುಗಿಸುವುದುಂಟು. ಈ ಟಿಪ್ಪಣಿಯ ವಾದ ಬೇರೆ. ಒಡೆತನದ ಪ್ರಶ್ನೆಯನ್ನು ಯುರೋಪಿನ ಸೋಷಿಯಲ್ ಡೆಮಾಕ್ರಟರು ಬ್ಲೇರ್ ಬರುವುದಕ್ಕೆ ಬಹಳ ಮೊದಲೇ ಕೈಬಿಟ್ಟಿದ್ದರು. ಆದರೆ ಹಾಗೆ ಕೈಬಿಟ್ಟ ಹಿಂದಿನ ತಲೆಮಾರು ಕಾರ್ಮಿಕರ ಚೌಕಾಸಿಯ ಬಲವನ್ನು, ಎಂದರೆ ಸಂಘಟನೆ, ಪೂರ್ಣ ಉದ್ಯೋಗ ಮತ್ತು ವೇತನ ಒಪ್ಪಂದಗಳನ್ನು, ಬಿಗಿಯಾಗಿ ಹಿಡಿದುಕೊಂಡಿತ್ತು. ಮೂರನೇ ದಾರಿಯವರು ಸಡಿಲಬಿಟ್ಟದ್ದು ಇದನ್ನು.

ಪರಿಷ್ಕರಣವಾದದ ಜಗಳ

ಲಂಡನ್ನಿನಲ್ಲಿ ದೇಶಭ್ರಷ್ಟನಾಗಿ ಬದುಕುತ್ತಿದ್ದ ಬರ್ನ್‌ಸ್ಟೈನ್ 1890ರ ದಶಕದ ಕೊನೆಯಲ್ಲಿ ಎರ್ಫರ್ಟ್‌ನ ಮೊದಲ ಭಾಗವನ್ನೇ ಪ್ರಶ್ನಿಸತೊಡಗಿದ. ಮಧ್ಯಮ ವರ್ಗ ಅಳಿಯುತ್ತಿಲ್ಲ, ಷೇರುಗಳ ಮೂಲಕ ಆಸ್ತಿ ಹೆಚ್ಚು ಜನರ ಕೈಗೆ ಹಂಚಿಹೋಗುತ್ತಿದೆ, ಆರ್ಥಿಕ ಬಿಕ್ಕಟ್ಟುಗಳು ಮಾರ್ಕ್ಸ್ ಊಹಿಸಿದಂತೆ ಉಲ್ಬಣಿಸುತ್ತಿಲ್ಲ. ಹಾಗಿರುವಾಗ ಕುಸಿತಕ್ಕಾಗಿ ಕಾಯುವ ಬದಲು ಪ್ರಜಾಪ್ರಭುತ್ವದ ಮೂಲಕ ಹಂತಹಂತವಾಗಿ ಸಮಾಜವಾದದತ್ತ ನಡೆಯಬೇಕು ಎಂಬುದು ಅವನ ತರ್ಕವಾಗಿತ್ತು. ಪಕ್ಷದ ಕ್ರಾಂತಿವಾದಿ ಚಿಂತಕಿ ರೋಸಾ ಲುಕ್ಸೆಂಬರ್ಗ್ ಕೊಟ್ಟ ಉತ್ತರ ಇಂದಿಗೂ ಓದಲು ಯೋಗ್ಯ. ಸುಧಾರಣೆಯ ದಾರಿ ಹಿಡಿದವನು ಅದೇ ಗುರಿಯನ್ನು ನಿಧಾನವಾಗಿ ತಲುಪುವುದಿಲ್ಲ, ಅವನು ಆರಿಸಿಕೊಳ್ಳುವುದು ಬೇರೆಯದೇ ಗುರಿಯನ್ನು ಎಂದು ಆಕೆ ವಾದಿಸಿದಳು. ಪಕ್ಷದ 1903ರ ಡ್ರೆಸ್ಡೆನ್ ಅಧಿವೇಶನ ಬರ್ನ್‌ಸ್ಟೈನ್‌ನ ಈ ವಾದವನ್ನು, ಎಂದರೆ ಪರಿಷ್ಕರಣವಾದವನ್ನು, ಖಂಡಿಸಿತು. ಆದರೆ ಪಕ್ಷದ ದಿನನಿತ್ಯದ ಕೆಲಸ ನಡೆಯುತ್ತಿದ್ದುದು ಬರ್ನ್‌ಸ್ಟೈನ್ ಹೇಳಿದ ರೀತಿಯಲ್ಲೇ. ಪಕ್ಷದ ಕಾರ್ಯದರ್ಶಿ ಇಗ್ನಾಜ್ ಔಯರ್, ಇಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳಬಾರದಪ್ಪ, ಸುಮ್ಮನೆ ಮಾಡಿಬಿಡಬೇಕು ಎಂಬ ಅರ್ಥದಲ್ಲಿ ಅವನಿಗೆ ಪತ್ರ ಬರೆದಿದ್ದ. ಮುಂದಿನ ಅರ್ಧ ಶತಮಾನದ ಎಸ್‌ಪಿಡಿಯನ್ನು ಅರ್ಥಮಾಡಿಕೊಳ್ಳಲು ನನಗೆ ಯಾವ ಸಿದ್ಧಾಂತಗ್ರಂಥಕ್ಕಿಂತಲೂ ಈ ಒಂದು ಮಾತು ಹೆಚ್ಚು ನೆರವಾಗಿದೆ.

1912ರ ಚುನಾವಣೆಯಲ್ಲಿ ಪಕ್ಷ ಶೇ 34.8 ಮತ ಪಡೆದು ಜರ್ಮನ್ ಸಂಸತ್ತಿನ ಅತಿ ದೊಡ್ಡ ಗುಂಪಾಯಿತು, 1914ರ ಆಗಸ್ಟ್ 4ರಂದು ಅದೇ ಗುಂಪು ಯುದ್ಧದ ಸಾಲಕ್ಕೆ ಮತ ಹಾಕಿತು, ಮುಂದೆ ಒಡೆಯಿತು. 1933ರ ಮಾರ್ಚ್ 23ರಂದು ಹಿಟ್ಲರನಿಗೆ ಸರ್ವಾಧಿಕಾರ ಕೊಡುವ ಕಾಯ್ದೆಯ ವಿರುದ್ಧ ಸಂಸತ್ತಿನಲ್ಲಿ ಬಿದ್ದ 94 ಮತಗಳೂ ಈ ಪಕ್ಷದವೇ. ಕನ್ನಡದ ಓದುಗರಿಗೆ ಇಲ್ಲೊಂದು ಕೊಂಡಿ ಇದೆ. ರಾಮಮನೋಹರ ಲೋಹಿಯಾ ಬರ್ಲಿನ್ನಿನಲ್ಲಿ ಡಾಕ್ಟರೇಟ್ ಓದುತ್ತಿದ್ದುದು ಈ ಕುಸಿತದ ವರ್ಷಗಳಲ್ಲಿ. ಶಾಂತವೇರಿ ಗೋಪಾಲಗೌಡರ ಮತ್ತು ಕಾಗೋಡು ಸತ್ಯಾಗ್ರಹದ ಮೂಲಕ ಸಮಾಜವಾದವನ್ನು ಬಲ್ಲ ನಾವು ಒಂದು ಎಚ್ಚರ ವಹಿಸಬೇಕು. ಅಲ್ಲಿನ ಪಕ್ಷಗಳ ಬೇರು ಗೇಣಿಯ ಹೊಲದಲ್ಲಿ ಇರಲಿಲ್ಲ, ಕಾರ್ಖಾನೆಯ ಕಾರ್ಮಿಕ ಸಂಘದಲ್ಲಿತ್ತು. ಆದ್ದರಿಂದಲೇ ಕಾರ್ಖಾನೆಗಳು ಮುಚ್ಚತೊಡಗಿದಾಗ ಆ ಪಕ್ಷಗಳ ಬುಡವೇ ಅಲುಗಿತು.

ಸ್ವೀಡನ್ನಿನ ಉತ್ತರ

ಒಡೆತನವನ್ನು ಮುಟ್ಟದೆ ಬಂಡವಾಳವನ್ನು ಪಳಗಿಸಬಹುದೆಂದು ತೋರಿಸಿದ್ದು ಸ್ವೀಡನ್. 1928ರಲ್ಲಿ ಅಲ್ಲಿನ ಸೋಷಿಯಲ್ ಡೆಮಾಕ್ರಟಿಕ್ ನಾಯಕ ಪೇರ್ ಆಲ್ಬಿನ್ ಹಾನ್ಸನ್ ಸಂಸತ್ತಿನ ಭಾಷಣದಲ್ಲಿ ದೇಶವು ಎಲ್ಲರ ಮನೆಯಾಗಬೇಕು, ಒಳ್ಳೆಯ ಮನೆಯಲ್ಲಿ ಮುದ್ದಿನ ಮಗುವೂ ಇರುವುದಿಲ್ಲ, ಮಲಮಗುವೂ ಇರುವುದಿಲ್ಲ ಎಂಬ ಆಶಯವನ್ನು ಮುಂದಿಟ್ಟ. 1932ರಲ್ಲಿ ಅಧಿಕಾರಕ್ಕೆ ಬಂದ ಅವನ ಪಕ್ಷ ಮರುವರ್ಷ ರೈತರ ಪಕ್ಷದೊಡನೆ ಕೊಡುಕೊಳ್ಳುವ ಒಪ್ಪಂದ ಮಾಡಿಕೊಂಡಿತು. ರೈತರ ಉತ್ಪನ್ನಗಳಿಗೆ ಬೆಲೆಯ ರಕ್ಷಣೆ, ಪ್ರತಿಯಾಗಿ ನಿರುದ್ಯೋಗಿಗಳಿಗೆ ಸರ್ಕಾರಿ ಕಾಮಗಾರಿಗಳಲ್ಲಿ ಕೆಲಸ. 1938ರಲ್ಲಿ ಸಾಲ್ಟ್‌ಶೋಬಾಡೆನ್‌ನಲ್ಲಿ ಕಾರ್ಮಿಕ ಸಂಘಗಳ ಒಕ್ಕೂಟವಾದ ಎಲ್‌ಒ ಮತ್ತು ಮಾಲೀಕರ ಒಕ್ಕೂಟ ಸರ್ಕಾರದ ಮಧ್ಯಸ್ಥಿಕೆಯಿಲ್ಲದೆ ವೇತನ ಮಾತುಕತೆಯ ನಿಯಮಗಳನ್ನು ರೂಪಿಸಿಕೊಂಡವು.

ಇದರ ಮೇಲೆ ಎಲ್‌ಒದ ಅರ್ಥಶಾಸ್ತ್ರಜ್ಞರಾದ ಯೋಸ್ಟಾ ರೇನ್ ಮತ್ತು ರುಡಾಲ್ಫ್ ಮೈಡ್ನರ್ 1951ರಲ್ಲಿ ಕಟ್ಟಿದ ಮಾದರಿಯನ್ನು ತುಸು ಬಿಡಿಸಿ ನೋಡಬೇಕು, ಏಕೆಂದರೆ ಪರೀಕ್ಷೆಯ ಉತ್ತರಗಳಲ್ಲಿ ಇದನ್ನು ಬರೀ "ಹೆಚ್ಚು ತೆರಿಗೆ, ಹೆಚ್ಚು ಕಲ್ಯಾಣ" ಎಂದು ಬರೆದುಬಿಡುತ್ತಾರೆ. ಒಂದೇ ಬಗೆಯ ಸರಕು ತಯಾರಿಸುವ ಎರಡು ಕಾರ್ಖಾನೆಗಳಿವೆ ಎನ್ನೋಣ. ಒಂದರಲ್ಲಿ ಹೊಸ ಯಂತ್ರಗಳು, ಒಳ್ಳೆಯ ಲಾಭ; ಇನ್ನೊಂದು ಹಳೆಯ ಯಂತ್ರಗಳಲ್ಲಿ ಏದುಸಿರು ಬಿಡುತ್ತಿದೆ. ಸಾಮಾನ್ಯವಾಗಿ ಎರಡನೆಯ ಮಾಲೀಕ ಕಡಿಮೆ ಕೂಲಿ ಕೊಟ್ಟು ಬದುಕುಳಿಯುತ್ತಾನೆ. ಈ ಮಾದರಿಯಲ್ಲಿ ಸಂಘವು ಇಡೀ ದೇಶಕ್ಕೆ ಒಂದೇ ಸೂತ್ರ ಹಿಡಿಯುತ್ತದೆ: ಒಂದೇ ಕೆಲಸಕ್ಕೆ ಒಂದೇ ಕೂಲಿ. ಅದನ್ನು ಕೊಡಲಾರದ ಕಾರ್ಖಾನೆ ಮುಚ್ಚಿಹೋಗಲಿ, ಅದನ್ನು ಸಹಾಯಧನದಿಂದ ಬದುಕಿಸುವುದು ಬೇಡ. ಆದರೆ ಅಲ್ಲಿನ ಕೆಲಸಗಾರನಿಗೆ ಸರ್ಕಾರ ಹೊಸ ತರಬೇತಿ ಕೊಡಿಸಿ, ಬೇರೆ ಊರಿಗೆ ಹೋಗಲು ಖರ್ಚು ಕೊಟ್ಟು, ಲಾಭದಲ್ಲಿರುವ ಉದ್ಯಮಕ್ಕೆ ಸೇರಿಸಬೇಕು. ಹಣದುಬ್ಬರವನ್ನು ಬಿಗಿ ಬಜೆಟ್ಟಿನಿಂದ ಹಿಡಿದಿಡಬೇಕು. ಇದರಲ್ಲಿ ಮಾರುಕಟ್ಟೆಯ ಸ್ಪರ್ಧೆಗೆ ಯಾವ ವಿರೋಧವೂ ಇಲ್ಲ. ಆದರೆ ಸ್ಪರ್ಧೆಯ ಭಾರ ಕಾರ್ಮಿಕನ ಕೂಲಿಯ ಮೇಲೆ ಬೀಳದಂತೆ ಅದು ನೋಡಿಕೊಳ್ಳುತ್ತದೆ.

ಮಾದರಿಯಲ್ಲೊಂದು ತೊಡಕಿತ್ತು. ಚೆನ್ನಾಗಿ ನಡೆಯುವ ಕಾರ್ಖಾನೆ ಇನ್ನೂ ಹೆಚ್ಚು ಕೂಲಿ ಕೊಡಬಲ್ಲುದಾದರೂ ಸಂಘವೇ ಅದನ್ನು ಕೇಳುತ್ತಿರಲಿಲ್ಲ. ಆದ್ದರಿಂದ ಮಿಕ್ಕ ಲಾಭವೆಲ್ಲ ಮಾಲೀಕನ ಪಾಲಾಗುತ್ತಿತ್ತು. ಇದಕ್ಕೆ ಪರಿಹಾರವಾಗಿ ಮೈಡ್ನರ್ 1970ರ ದಶಕದಲ್ಲಿ ಲಾಭದ ಒಂದು ಪಾಲನ್ನು ಹೊಸ ಷೇರುಗಳಾಗಿ ಕಾರ್ಮಿಕರ ಸಾಮೂಹಿಕ ನಿಧಿಗೆ ವರ್ಗಾಯಿಸಬೇಕೆಂದ, 1976ರಲ್ಲಿ ಎಲ್‌ಒ ಅದನ್ನು ಒಪ್ಪಿತು. ಒಡೆತನದ ಪ್ರಶ್ನೆ ಹೀಗೆ ಹಿಂಬಾಗಿಲಿನಿಂದ ಮರಳಿತು. ಉದ್ಯಮಿಗಳು ಸ್ಟಾಕ್‌ಹೋಮ್‌ನ ಬೀದಿಗಿಳಿದರು. 1983ರಲ್ಲಿ ಬಹಳಷ್ಟು ನೀರು ಬೆರೆಸಿದ ರೂಪದಲ್ಲಿ ಕಾನೂನು ಬಂತು. ಆಗಿನ ಸೋಷಿಯಲ್ ಡೆಮಾಕ್ರಟಿಕ್ ಹಣಕಾಸು ಸಚಿವ ಶೆಲ್-ಊಲೊಫ್ ಫೆಲ್ಟ್ ಸಂಸತ್ತಿನ ಚರ್ಚೆಯ ನಡುವೆಯೇ ಆ ನಿಧಿಗಳನ್ನು ಹೀಗಳೆದು ಗೀಚಿದ ಪದ್ಯ ಪತ್ರಿಕಾ ಛಾಯಾಗ್ರಾಹಕನ ಕ್ಯಾಮೆರಾಕ್ಕೆ ಸಿಕ್ಕಿಬಿತ್ತು. ಇದೇ ಫೆಲ್ಟ್ ತನ್ನ ಆರ್ಥಿಕ ನೀತಿಯನ್ನು ಬ್ರಿಟನ್ನಿನ ಬಲಪಂಥೀಯ ಪ್ರಧಾನಿ ಥ್ಯಾಚರ್ ಮತ್ತು ಫ್ರಾನ್ಸಿನ ಸಮಾಜವಾದಿ ಅಧ್ಯಕ್ಷ ಮಿತ್ತೆರಾಂ ಇಬ್ಬರದೂ ಅಲ್ಲದ "ಮೂರನೇ ದಾರಿ" ಎಂದು ಕರೆದುಕೊಂಡಿದ್ದ. ಬ್ರಿಟನ್ನಿನಲ್ಲಿ ಆ ಹೆಸರು ಮೆರೆಯುವುದಕ್ಕೆ ಹತ್ತು ವರ್ಷಕ್ಕೂ ಮುಂಚಿನ ಮಾತಿದು.

1959ರ ನವೆಂಬರ್

ಎರಡು ಪಕ್ಷಗಳು ಒಂದೇ ತಿಂಗಳಲ್ಲಿ ಒಂದೇ ಪ್ರಶ್ನೆಯನ್ನು ಎದುರಿಸಿ ಬೇರೆ ಬೇರೆ ಉತ್ತರ ಕೊಟ್ಟ ಪ್ರಸಂಗವಿದು. ಬಾಡ್ ಗೋಡೆಸ್‌ಬರ್ಗ್‌ನಲ್ಲಿ ಸೇರಿದ ಎಸ್‌ಪಿಡಿ ಮಾರ್ಕ್ಸ್‌ವಾದವನ್ನು ಅಧಿಕೃತವಾಗಿ ಬಿಟ್ಟಿತು. ಸಮಾಜವಾದದ ಬೇರುಗಳು ಕ್ರೈಸ್ತ ನೀತಿ, ಮಾನವತಾವಾದ ಮತ್ತು ಪ್ರಾಚೀನ ತತ್ತ್ವಶಾಸ್ತ್ರದಲ್ಲಿವೆ ಎಂದಿತು. ಸಾಧ್ಯವಿರುವಷ್ಟು ಸ್ಪರ್ಧೆ, ಅಗತ್ಯವಿರುವಷ್ಟು ಯೋಜನೆ ಎಂಬ ಸೂತ್ರವನ್ನು ಒಪ್ಪಿತು. ಬ್ಲ್ಯಾಕ್‌ಪೂಲ್‌ನಲ್ಲಿ ಸೇರಿದ ಬ್ರಿಟನ್ನಿನ ಲೇಬರ್ ಪಕ್ಷದಲ್ಲಿ ನಾಯಕ ಹ್ಯೂ ಗೇಟ್‌ಸ್ಕೆಲ್ ಪಕ್ಷದ ಸಂವಿಧಾನದ ನಾಲ್ಕನೆಯ ವಿಧಿಯನ್ನು ಬದಲಿಸಬೇಕೆಂದು ಕೇಳಿ ಸೋತ. ಸಿಡ್ನಿ ವೆಬ್ ಬರೆದ 1918ರ ಆ ವಿಧಿ, ಕೈಯಿಂದ ಅಥವಾ ಬುದ್ಧಿಯಿಂದ ದುಡಿಯುವವರಿಗೆ ಅವರ ದುಡಿಮೆಯ ಪೂರ್ತಿ ಫಲ ಸಿಗುವಂತೆ ಉತ್ಪಾದನಾ ಸಾಧನಗಳು ಸಾಮೂಹಿಕ ಒಡೆತನಕ್ಕೆ ಬರಬೇಕೆಂದು ಹೇಳುತ್ತಿತ್ತು. ಪಕ್ಷ ಅದನ್ನು ಪೂರ್ತಿಯಾಗಿ ಜಾರಿಗೆ ತರಲು ಎಂದೂ ಹೊರಟಿರಲಿಲ್ಲ. ಎರಡನೆಯ ಮಹಾಯುದ್ಧದ ನಂತರದ ಆಟ್ಲೀ ನೇತೃತ್ವದ ಲೇಬರ್ ಸರ್ಕಾರ ಕಲ್ಲಿದ್ದಲು, ರೈಲು, ವಿದ್ಯುತ್ತು ಮುಂತಾದವನ್ನು ರಾಷ್ಟ್ರೀಕರಿಸಿತು, 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆಯನ್ನು ತೆರೆಯಿತು, ಅಲ್ಲಿಗೆ ನಿಂತಿತು. ಆದರೂ ಸದಸ್ಯರು ಆ ವಾಕ್ಯವನ್ನು ಬಿಡಲು ಒಪ್ಪಲಿಲ್ಲ. ಪಕ್ಷವೊಂದು ತಾನು ಮಾಡದ್ದನ್ನು ಬರೆದಿಟ್ಟುಕೊಳ್ಳಲು ಏಕೆ ಹಟ ಹಿಡಿಯುತ್ತದೆ ಎಂಬುದು ರಾಜಕೀಯಶಾಸ್ತ್ರದ ವಿದ್ಯಾರ್ಥಿಗಳು ಯೋಚಿಸತಕ್ಕ ವಿಷಯ.

ಮೂರನೇ ದಾರಿ

1970ರ ದಶಕದಲ್ಲಿ, ಪೂರ್ಣ ಉದ್ಯೋಗ ಮತ್ತು ಸಂಘಟಿತ ಚೌಕಾಸಿಯ ಈ ವ್ಯವಸ್ಥೆಯ ನೆಲ ಕುಸಿಯಿತು. ನಾಣ್ಯಗಳ ವಿನಿಮಯ ದರಗಳನ್ನು ಸ್ಥಿರವಾಗಿಟ್ಟಿದ್ದ ಬ್ರೆಟನ್ ವುಡ್ಸ್ ಒಪ್ಪಂದ ಮುರಿದು ಬಂಡವಾಳ ಗಡಿ ದಾಟಿ ಹರಿಯತೊಡಗಿತು, 1973ರ ತೈಲ ಬಿಕ್ಕಟ್ಟಿನ ನಂತರ ಹಣದುಬ್ಬರವೂ ನಿರುದ್ಯೋಗವೂ ಒಟ್ಟಿಗೆ ಏರಿದವು, 1976ರಲ್ಲಿ ಲೇಬರ್ ಸರ್ಕಾರ ಅಂತರರಾಷ್ಟ್ರೀಯ ಹಣಕಾಸು ನಿಧಿ, ಅಂದರೆ ಐಎಂಎಫ್, ಮುಂದೆ ಸಾಲಕ್ಕೆ ನಿಂತಿತು. ಹಳೆಯ ಮದ್ದನ್ನು ಕೊನೆಯ ಸಲ ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿದವನು ಫ್ರಾನ್ಸಿನ ಫ್ರಾಂಸ್ವಾ ಮಿತ್ತೆರಾಂ. 1981ರಲ್ಲಿ ಗೆದ್ದೊಡನೆ ಬ್ಯಾಂಕುಗಳನ್ನೂ ದೊಡ್ಡ ಉದ್ಯಮಗಳನ್ನೂ ರಾಷ್ಟ್ರೀಕರಿಸಿ, ಕನಿಷ್ಠ ವೇತನವನ್ನು ಏರಿಸಿ, ಖರ್ಚು ಹೆಚ್ಚಿಸಿದ. ಜನರ ಕೈಗೆ ಬಂದ ದುಡ್ಡು ಆಮದು ಸರಕುಗಳಿಗೆ ಹೋಯಿತು, ಬಂಡವಾಳ ದೇಶ ಬಿಟ್ಟಿತು, ಫ್ರಾನ್ಸಿನ ನಾಣ್ಯ ಫ್ರಾಂಕ್ 1981ರ ಅಕ್ಟೋಬರ್‌ನಿಂದ 1983ರ ಮಾರ್ಚ್‌ವರೆಗೆ ಮೂರು ಸಲ ಅಪಮೌಲ್ಯಗೊಂಡಿತು, ಸರ್ಕಾರ ಮಿತವ್ಯಯದತ್ತ ಹೊರಳಿತು. ಮುಂದಿನ ತಲೆಮಾರಿನ ನಾಯಕರ ಮೇಲೆ ಥ್ಯಾಚರಳ ಗೆಲುವಿನಷ್ಟೇ ಈ ಸೋಲೂ ಪ್ರಭಾವ ಬೀರಿತು ಎಂಬುದು ನನ್ನ ಅಭಿಪ್ರಾಯ.

ನಾಲ್ಕು ಚುನಾವಣೆಗಳನ್ನು ಸತತವಾಗಿ ಸೋತಿದ್ದ ಲೇಬರ್ ಪಕ್ಷದ ನಾಯಕತ್ವವನ್ನು 1994ರಲ್ಲಿ ವಹಿಸಿಕೊಂಡ ಟೋನಿ ಬ್ಲೇರ್, ಗೇಟ್‌ಸ್ಕೆಲ್ ಸೋತಲ್ಲಿ ಗೆದ್ದ. 1995ರ ಏಪ್ರಿಲ್‌ನಲ್ಲಿ ವಿಶೇಷ ಅಧಿವೇಶನ ಹೊಸ ನಾಲ್ಕನೆಯ ವಿಧಿಯನ್ನು ಒಪ್ಪಿತು. ಅದರಲ್ಲಿ ಸಾಮೂಹಿಕ ಒಡೆತನದ ಜಾಗದಲ್ಲಿ ಮಾರುಕಟ್ಟೆಯ ಉದ್ಯಮಶೀಲತೆ ಮತ್ತು ಸ್ಪರ್ಧೆಯ ಬಗ್ಗೆ ಮೆಚ್ಚುಗೆ ಇತ್ತು. 1997ರಲ್ಲಿ ಪಕ್ಷ 418 ಸ್ಥಾನ ಗೆದ್ದಿತು. ಇದಕ್ಕೆ ತಾತ್ವಿಕ ರೂಪ ಕೊಟ್ಟವರು ಆಗ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ನಿರ್ದೇಶಕರಾಗಿದ್ದ ಸಮಾಜಶಾಸ್ತ್ರಜ್ಞ ಆಂಥೊನಿ ಗಿಡೆನ್ಸ್. ಅವರ ವಾದದ ಸಾರವಿಷ್ಟು: ಜಾಗತೀಕರಣವನ್ನು ತಡೆಯಲಾಗದು, ಹಕ್ಕುಗಳಿಗೆ ಹೊಣೆಗಾರಿಕೆ ಜೊತೆಗಿರಬೇಕು, ಭತ್ಯೆ ಹಂಚುವುದಕ್ಕಿಂತ ಶಿಕ್ಷಣ, ಕೌಶಲ, ಶಿಶುಪಾಲನೆಗಳಲ್ಲಿ ಸರ್ಕಾರ ಹೂಡಿಕೆ ಮಾಡಬೇಕು. ಫಲಿತದ ಸಮಾನತೆಗೆ ಬದಲಾಗಿ ಅವಕಾಶದ ಸಮಾನತೆ ಮುಂದೆ ಬಂತು.

ಸರ್ಕಾರದ ಕೆಲಸಗಳನ್ನು ನೋಡಿದರೆ ಚಿತ್ರ ಮಿಶ್ರವಾಗಿದೆ. ಅಧಿಕಾರಕ್ಕೆ ಬಂದ ಕೆಲವೇ ದಿನಗಳಲ್ಲಿ ಬಡ್ಡಿದರ ನಿರ್ಧರಿಸುವ ಅಧಿಕಾರವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್‌ಗೆ ಬಿಟ್ಟುಕೊಟ್ಟರು. ಖಾಸಗೀಕರಣಗೊಂಡ ನೀರು, ವಿದ್ಯುತ್ ಮುಂತಾದ ಕಂಪನಿಗಳ ಮೇಲೆ ಒಂದು ಬಾರಿಯ ವಿಶೇಷ ತೆರಿಗೆ ಹಾಕಿ, ಆ ಹಣದಿಂದ ನಿರುದ್ಯೋಗಿ ಯುವಕರಿಗೆ ಕೆಲಸದ ಯೋಜನೆ ನಡೆಸಿದರು. 1999ರ ಏಪ್ರಿಲ್‌ನಲ್ಲಿ ಗಂಟೆಗೆ 3.60 ಪೌಂಡ್‌ಗಳ ರಾಷ್ಟ್ರೀಯ ಕನಿಷ್ಠ ವೇತನ ಬಂತು. ಕಡಿಮೆ ಸಂಬಳದವರಿಗೆ ತೆರಿಗೆ ಇಲಾಖೆಯ ಮೂಲಕ ಹಣ ಮರಳಿಸುವ ವ್ಯವಸ್ಥೆ ಬಂತು. ಥ್ಯಾಚರ್ ಕಾಲದ ಕಾರ್ಮಿಕ ಸಂಘ ಕಾನೂನುಗಳನ್ನು ಮಾತ್ರ ಬಹುಪಾಲು ಹಾಗೆಯೇ ಉಳಿಸಿದರು. ಇಲ್ಲಿ ರೇನ್ ಮತ್ತು ಮೈಡ್ನರ್ ಮಾದರಿಯನ್ನು ನೆನೆಯಬೇಕು. ತರಬೇತಿ, ಹೊಸ ಕೆಲಸಕ್ಕೆ ಸಾಗುವಿಕೆ, ಬಿಗಿ ಬಜೆಟ್ ಇವೆಲ್ಲ ಎರಡರಲ್ಲೂ ಇವೆ. ಆದರೆ ಕೂಲಿಯ ಮಟ್ಟವನ್ನು ಎತ್ತಿಹಿಡಿಯುವ ಸಂಘದ ಬದಲು ಬ್ರಿಟನ್ನಿನಲ್ಲಿ ಕಡಿಮೆ ಕೂಲಿಯ ಕೊರತೆಯನ್ನು ಖಜಾನೆ ತುಂಬಿಕೊಟ್ಟಿತು. ಆ ಖಜಾನೆಗೆ ತೆರಿಗೆ ಲಂಡನ್ನಿನ ಹಣಕಾಸು ವಲಯದಿಂದ ಹರಿದುಬರುತ್ತಿದ್ದಷ್ಟು ಕಾಲ ಇದು ಸುಲಭವಾಗಿ ನಡೆಯಿತು; 2008ರ ಹಣಕಾಸು ಬಿಕ್ಕಟ್ಟಿನಲ್ಲಿ ಆ ಹರಿವು ಸೊರಗಿತು.

ಗೆರ್ಹಾರ್ಡ್ ಶ್ರೋಡರ್ 1998ರಲ್ಲಿ ಶೇ 40.9 ಮತಗಳೊಂದಿಗೆ ಜರ್ಮನಿಯಲ್ಲಿ ಗೆದ್ದು, ಮರುವರ್ಷ ಬ್ಲೇರ್ ಜೊತೆ ಜಂಟಿ ದಸ್ತಾವೇಜು ಹೊರಡಿಸಿದ. ಫ್ರಾನ್ಸಿನ ಸಮಾಜವಾದಿ ಪ್ರಧಾನಿ ಲಿಯೊನೆಲ್ ಜೊಸ್ಪಾಂ ಮಾರುಕಟ್ಟೆ ಆರ್ಥಿಕತೆ ಇರಲಿ, ಮಾರುಕಟ್ಟೆ ಸಮಾಜ ಬೇಡ ಎನ್ನುತ್ತಾ ವಾರಕ್ಕೆ 35 ಗಂಟೆಯ ದುಡಿಮೆಯ ಕಾನೂನು ತಂದ. ಎಲ್ಲರೂ ಒಂದೇ ದಾರಿಯಲ್ಲಿ ಇರಲಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಜರ್ಮನಿಯ ಕಥೆಯಲ್ಲಿ ಪರಿಣಾಮ ಸ್ಪಷ್ಟವಾಗಿ ಕಾಣುತ್ತದೆ. ಶ್ರೋಡರ್ 2003ರ ಮಾರ್ಚ್‌ನಲ್ಲಿ ಅಜೆಂಡಾ 2010 ಎಂಬ ಸುಧಾರಣಾ ಕಾರ್ಯಕ್ರಮವನ್ನು ಘೋಷಿಸಿದ. ಅದರ ತಿರುಳಾದ, ನಿರುದ್ಯೋಗ ನೆರವನ್ನು ಬದಲಿಸಿದ ಹಾರ್ಟ್ಸ್ 4 ಕಾನೂನು, ಫೋಕ್ಸ್‌ವ್ಯಾಗನ್ ಸಂಸ್ಥೆಯ ಸಿಬ್ಬಂದಿ ವಿಭಾಗದ ಮುಖ್ಯಸ್ಥ ಪೀಟರ್ ಹಾರ್ಟ್ಸ್ ಹೆಸರಿನಿಂದ ಬಂದದ್ದು, 2005ರ ಜನವರಿ 1ರಂದು ಜಾರಿಯಾಯಿತು. ಅದಕ್ಕೆ ಮುಂಚೆ, ದೀರ್ಘಕಾಲ ಕೆಲಸವಿಲ್ಲದವನಿಗೂ ಅವನ ಹಿಂದಿನ ಸಂಬಳಕ್ಕೆ ತಕ್ಕ ನೆರವು ಸಿಗುತ್ತಿತ್ತು. ಅದು ಜಾರಿಯಾದ ಮೇಲೆ ಸಾಮಾನ್ಯವಾಗಿ ಒಂದು ವರ್ಷದ ವಿಮಾ ಭತ್ಯೆ ಮುಗಿದ ಮೇಲೆ, 30 ವರ್ಷ ಕಾರ್ಖಾನೆಯಲ್ಲಿ ದುಡಿದವನೂ ಎಂದೂ ದುಡಿಯದವನೂ ಒಂದೇ ಮೊತ್ತಕ್ಕೆ ಬಂದು ನಿಲ್ಲುತ್ತಿದ್ದರು: ಪಶ್ಚಿಮ ಭಾಗದಲ್ಲಿ ತಿಂಗಳಿಗೆ 345 ಯೂರೋ ಮತ್ತು ಬಾಡಿಗೆ, ಅದೂ ಉಳಿತಾಯವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ. ಮುಂದಿನ ವರ್ಷಗಳಲ್ಲಿ ನಿರುದ್ಯೋಗ ಇಳಿದದ್ದು ನಿಜ; ಅದರಲ್ಲಿ ಈ ಸುಧಾರಣೆಯ ಪಾಲೆಷ್ಟು ಎಂಬುದರ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ಒಮ್ಮತವಿಲ್ಲ. ಆದರೆ ಇದು ಎಸ್‌ಪಿಡಿಯ ಸ್ವಂತ ಮತದಾರನಿಗೆ, ಎಂದರೆ ನುರಿತ ಕಾರ್ಮಿಕನಿಗೆ, ಕೆಳಗೆ ಜಾರುವ ಭಯ ಹುಟ್ಟಿಸಿತು. ಕೆಲಸ ಕಳೆದುಕೊಳ್ಳುವ ಭಯವಿದ್ದವನು ಮಾಲೀಕನ ಮುಂದೆ ಕೂಲಿಗಾಗಿ ಗಟ್ಟಿಯಾಗಿ ಕೇಳಲಾರ. ಪಕ್ಷದ ಮಾಜಿ ಅಧ್ಯಕ್ಷ ಆಸ್ಕರ್ ಲಾಫೊಂಟೇನ್ ಸೇರಿದಂತೆ ಅತೃಪ್ತರು ಹೊರನಡೆದು, 2007ರಲ್ಲಿ ಎಡಪಕ್ಷವಾದ ಡೀ ಲಿಂಕೆ ರೂಪುಗೊಂಡಿತು. 2009ರಲ್ಲಿ ಎಸ್‌ಪಿಡಿಯ ಮತ ಶೇ 23ಕ್ಕೆ ಇಳಿಯಿತು.

ಇತರೆಡೆಗಳಲ್ಲೂ ಇಳಿತವೇ. ನೆದರ್ಲೆಂಡ್ಸ್‌ನ ಲೇಬರ್ ಪಕ್ಷ 2017ರಲ್ಲಿ 38 ಸ್ಥಾನಗಳಿಂದ 9ಕ್ಕೆ ಬಿತ್ತು; ಗ್ರೀಸ್‌ನ ಸಮಾಜವಾದಿ ಪಕ್ಷ ಪಾಸೋಕ್ 2009ರ ಶೇ 43.9ರಿಂದ 2015ರ ಜನವರಿಯಲ್ಲಿ ಶೇ 5ಕ್ಕೂ ಕೆಳಗೆ ಹೋಯಿತು. ಗ್ರೀಸ್‌ನಲ್ಲಿ ಕಾರಣ ಮುಖ್ಯವಾಗಿ ಸಾಲದ ಬಿಕ್ಕಟ್ಟು, ಆದ್ದರಿಂದ ಎಲ್ಲ ಸೋಲುಗಳನ್ನೂ ಮೂರನೇ ದಾರಿಯ ತಲೆಗೆ ಕಟ್ಟುವುದು ಸರಿಯಲ್ಲ. ಕಾರ್ಖಾನೆಗಳು ಕಡಿಮೆಯಾಗಿ ಸಂಘಗಳ ಸದಸ್ಯತ್ವ ಕರಗುತ್ತಿದ್ದುದು ಬ್ಲೇರ್, ಶ್ರೋಡರ್ ಇಬ್ಬರೂ ಬರುವ ಮೊದಲಿನ ಸಂಗತಿ. ಅವರ ಆಯ್ಕೆ ಆ ಕರಗುವಿಕೆಗೆ ಅಡ್ಡ ನಿಲ್ಲಲಿಲ್ಲ ಎಂಬುದಷ್ಟೇ ನ್ಯಾಯವಾದ ಆಕ್ಷೇಪ.

2021ರಲ್ಲಿ ಶೇ 25.7 ಮತ ಪಡೆದು ಓಲಾಫ್ ಶೋಲ್ಟ್ಸ್ ನೇತೃತ್ವದಲ್ಲಿ ಅಧಿಕಾರಕ್ಕೆ ಮರಳಿದ ಎಸ್‌ಪಿಡಿ, ಕನಿಷ್ಠ ವೇತನವನ್ನು ಗಂಟೆಗೆ 12 ಯೂರೋಗೆ ಏರಿಸಿತು. 2023ರ ಜನವರಿಯಲ್ಲಿ ಹಾರ್ಟ್ಸ್ 4 ಹೋಗಿ, ತುಸು ಮೃದುವಾದ ನಿಯಮಗಳ "ನಾಗರಿಕ ಭತ್ಯೆ" ಅದರ ಜಾಗಕ್ಕೆ ಬಂತು. 2025ರ ಫೆಬ್ರವರಿಯ ಚುನಾವಣೆಯಲ್ಲಿ ಪಕ್ಷಕ್ಕೆ ಸಿಕ್ಕಿದ್ದು ಶೇ 16.4. ಆನಂತರ ಎದುರಾಳಿ ಸಂಪ್ರದಾಯವಾದಿ ಪಕ್ಷದ ಫ್ರೀಡ್ರಿಷ್ ಮೆರ್ಟ್ಸ್ ನೇತೃತ್ವದ ಸಮ್ಮಿಶ್ರ ಸರ್ಕಾರ ಸೇರುವಾಗ, ಆ ಭತ್ಯೆಯನ್ನು ಮತ್ತೆ ಬಿಗಿಗೊಳಿಸುವ ಒಪ್ಪಂದಕ್ಕೆ ಎಸ್‌ಪಿಡಿಯೇ ಸಹಿ ಹಾಕಿತು.