ಬೊಬ್ಬೆ ಯಾಕೆ ಹಾಕಲಿಲ್ಲ?

ಕಳೆದ ಮಳೆಗಾಲದಲ್ಲಿ ಮಂಗಳೂರಿನ ನನ್ನ ಕ್ಲಿನಿಕ್‌ಗೆ ಒಬ್ಬರು ಅಮ್ಮ ಬಂದರು. ಗುರುತು ಸಿಗದ ಹಾಗೆ ವಿವರ ಸ್ವಲ್ಪ ಬದಲಿಸಿದ್ದೇನೆ. ಅರುವತ್ತು ದಾಟಿದವರು, ಕದ್ರಿ ಕಡೆಯವರು. ಸಂಜೆ ದೇವಸ್ಥಾನದಿಂದ ನಡೆದು ಬರುವಾಗ ಬೈಕಿನಲ್ಲಿ ಬಂದ ಇಬ್ಬರು ಕರಿಮಣಿ ಸರ ಎಳೆದುಕೊಂಡು ಹೋಗಿದ್ದರು. ಗಾಯ ಒಣಗಿ ಎರಡು ತಿಂಗಳಾಗಿತ್ತು. ಆದರೂ ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡೇ ಕೂತಿದ್ದರು. ಹೊರಗೆ ಬೈಕ್ ಸ್ಟಾರ್ಟ್ ಆದರೆ ಸಾಕು, ಕೈ ತಾನಾಗಿ ಕುತ್ತಿಗೆಗೆ ಹೋಗುತ್ತಿತ್ತು.

“ಸರ ಹೋದದ್ದು ಹೋಯ್ತು ಡಾಕ್ಟ್ರೇ. ಬೊಬ್ಬೆ ಯಾಕೆ ಹಾಕಲಿಲ್ಲ ಅಂತ ಎಲ್ಲರೂ ಕೇಳ್ತಾರೆ. ನನಗೇ ಗೊತ್ತಿಲ್ಲ.”

ಅದಕ್ಕೆ ಉತ್ತರ ಇದೆ. ಹೆದರಿದವರು ಓಡುತ್ತಾರೆ, ಇಲ್ಲವೇ ಎದುರು ನಿಲ್ಲುತ್ತಾರೆ ಅಂದುಕೊಂಡಿದ್ದೇವೆ. ಮರಗಟ್ಟಿ ನಿಂತುಬಿಡುವುದೂ ಅಷ್ಟೇ ಸಹಜ. ಅಂಗಳದಲ್ಲಿ ಹಾವು ಕಂಡು ನಿಂತಲ್ಲೇ ನಿಂತುಬಿಟ್ಟದ್ದು ನಿಮಗೂ ನೆನಪಿರಬಹುದು, ಅಲ್ವಾ? ಸ್ವರವೇ ಏಳುವುದಿಲ್ಲ. ಮಿದುಳು ನಮ್ಮನ್ನು ಕೇಳಿ ಹಾಗೆ ಮಾಡುವುದಿಲ್ಲ.

ನೆನಪಿನ ಕಥೆಯೂ ಹೀಗೇ. ಹಿಂದೆ ಕೂತವನ ಬೆರಳಿನ ಉಂಗುರ ಅವರಿಗೆ ಸ್ಪಷ್ಟವಾಗಿ ನೆನಪಿತ್ತು. ಬೈಕಿನ ಬಣ್ಣ ಮಾತ್ರ ಮೊದಲು ಕಪ್ಪು ಅಂದರು, ಆಮೇಲೆ ನೀಲಿ. ಹೆದರಿದಾಗ ಗಮನ ಒಂದೇ ಕಡೆ ನೆಟ್ಟಿರುತ್ತದೆ, ಉಳಿದದ್ದು ತಲೆಗೆ ಹೋಗುವುದೇ ಕಡಿಮೆ. ಹೇಳಿಕೆ ಬದಲಾಯಿತು ಅಂದಕೂಡಲೇ ಸುಳ್ಳು ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನಿದ್ದೆ ಬಾರದಿರುವುದು, ಬೆಚ್ಚಿಬೀಳುವುದು ಮೊದಲ ಕೆಲವು ವಾರ ಇದ್ದದ್ದೇ. ತಿಂಗಳು ಕಳೆದರೂ ಹೋಗದಿದ್ದರೆ ಸುಮ್ನೆ ಕಾಯಬೇಡಿ, ತೋರಿಸಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಜಾಸ್ತಿ ನೋಯಿಸುವವರು ಹತ್ತಿರದವರೇ. “ಒಬ್ಬಳೇ ಯಾಕೆ ಹೋದದ್ದು? ಚಿನ್ನ ಯಾಕೆ ಹಾಕಿದ್ದು?” ಅಂತ ತಂಗಿ ದಿನಾ ಕೇಳುತ್ತಿದ್ದರಂತೆ. ಕೆಟ್ಟ ಮನಸ್ಸಿನಿಂದಲ್ಲ. ಅಕ್ಕನದೇ ಏನೋ ತಪ್ಪು ಅಂತಾದರೆ ತನಗೆ ಹಾಗಾಗಲಿಕ್ಕಿಲ್ಲ ಅನ್ನುವ ಧೈರ್ಯ. ಆನ್‌ಲೈನ್‌ನಲ್ಲಿ ಮೋಸ ಹೋದವರು ಇಂಥ ಪ್ರಶ್ನೆಗೆ ಹೆದರಿಯೇ ದುಬೈಯಲ್ಲಿರುವ ಮಗನಿಗೂ ಹೇಳದೆ ಕೂರುತ್ತಾರೆ. ಅಷ್ಟರಲ್ಲಿ ಹಣ ಖಾತೆಯಿಂದ ಖಾತೆಗೆ ದಾಟಿರುತ್ತದೆ. ಅವರು ಮೊದಲು ಮಾಡಬೇಕಾದ್ದು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್.

ಕೇಸು ಏನಾಯ್ತು ಅಂತ ಗೊತ್ತಾಗದಿರುವುದೂ ಒಂದು ಹಿಂಸೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ತನಿಖೆ, ವಿಚಾರಣೆ ಹೇಗೆ ನಡೆಯಬೇಕು ಅನ್ನುವ ಕಾನೂನಿನ ಪ್ರಕಾರ, ತನಿಖೆ ಎಲ್ಲಿಗೆ ಬಂತು ಅಂತ ಪೊಲೀಸರು 90 ದಿನದೊಳಗೆ ತಿಳಿಸಬೇಕು. ಕೇಳಲು ಸಂಕೋಚ ಬೇಡ. ವಕೀಲರ ನೆರವು, ಪರಿಹಾರದ ವಿಚಾರಕ್ಕೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ.

ತಂಗಿಯನ್ನೂ ಕರೆಸಿ ಮಾತಾಡಿದೆ. ಈಗ ಇಬ್ಬರೂ ಸಂಜೆ ಅದೇ ದಾರಿಯಲ್ಲಿ ನಡೆಯುತ್ತಾರೆ, ತಿರುವಿನ ಜ್ಯೂಸ್ ಅಂಗಡಿಯವರೆಗೆ. ಅಲ್ಲಿ ಸ್ವಲ್ಪ ನಿಂತು ವಾಪಸ್. ಮುಂದಿನ ವಾರ ಅಂಗಡಿ ದಾಟುವುದು ಅಂತ ಮಾತಾಗಿದೆ.