ಉತ್ತ ನೆಲಕ್ಕಾಗಿ ಕಾಯುವ ಕೆಂಪು ಪಾಪ್ಪಿ

ಶಿರಸಿ ಸೀಮೆಯಲ್ಲಿ ಗಸಗಸೆ ಎಂದೊಡನೆ ಹಿರಿಯರಿಗೆ ನೆನಪಾಗುವುದು ಕಾಯಿಯೊಂದಿಗೆ ನುಣ್ಣಗೆ ರುಬ್ಬಿ, ಬೆಲ್ಲ ಹಾಕಿ ಕುದಿಸಿದ ಪಾಯಸ. ಶಾಲೆಯ ಮಕ್ಕಳಿಗಾದರೆ ರಸ್ತೆ ಬದಿಯ ಗಸಗಸೆ ಹಣ್ಣಿನ ಮರ. ಆ ಮರಕ್ಕೂ ಪಾಯಸದ ಗಸಗಸೆಗೂ ಯಾವ ನಂಟೂ ಇಲ್ಲ, ಹಣ್ಣಿನೊಳಗಿನ ಬೀಜಗಳು ಗಸಗಸೆಯಷ್ಟು ಸಣ್ಣವೆಂಬ ಕಾರಣಕ್ಕೆ ಬಂದ ಹೆಸರದು. ಪಾಯಸದ ಗಸಗಸೆಗೆ ನಿಜವಾದ ದಾಯಾದಿ ಬೇರೆಯೇ ಇದೆ: ಯುರೋಪಿನ ಗೋಧಿ ಹೊಲಗಳಲ್ಲಿ ಕಳೆಯಾಗಿ ಬೆಳೆಯುವ ಕೆಂಪು ಪಾಪ್ಪಿ, ಸಸ್ಯಶಾಸ್ತ್ರದ ಹೆಸರಿನಲ್ಲಿ ಪಪಾವರ್ ರೀಯಸ್.

ಇವೆರಡನ್ನೂ ಬೇರ್ಪಡಿಸಿ ತಿಳಿಯುವುದು ಅಗತ್ಯ. ಅಡುಗೆಯ ಗಸಗಸೆ ಅಫೀಮಿನ ಗಿಡದ ಬೀಜವಾಗಿದ್ದು, ಆ ಗಿಡವನ್ನು ಪರವಾನಗಿಯಿಲ್ಲದೆ ಬೆಳೆಸುವುದು 1985ರ ಮಾದಕ ವಸ್ತು ಕಾಯ್ದೆಯಂತೆ ಅಪರಾಧ. ಆದ್ದರಿಂದ ಹೂವಿನ ಆಸೆಗೆ ಡಬ್ಬಿಯ ಗಸಗಸೆಯನ್ನು ಅಂಗಳದ ಮಣ್ಣಿಗೆ ಎಂದೂ ಬಿತ್ತಬಾರದು. ಅಫೀಮಿನ ಗಿಡದ ಎಲೆ ಬೂದು ಮಿಶ್ರಿತ ಹಸಿರು, ನುಣುಪು, ಬುಡದಲ್ಲಿ ಕಾಂಡವನ್ನು ಅಪ್ಪಿಕೊಂಡಿರುತ್ತದೆ. ಕೆಂಪು ಪಾಪ್ಪಿಯ ಎಲೆ ಆಳವಾಗಿ ಸೀಳಿದ್ದು, ಹೂವಿನ ತೊಟ್ಟಿನುದ್ದಕ್ಕೂ ಒರಟು ರೋಮಗಳು ಬೆರಳಿಗೆ ತಾಕುತ್ತವೆ. ಅಫೀಮಿಗೆ ಅಮಲು ಕೊಡುವ ಮಾರ್ಫಿನ್ ಕೆಂಪು ಪಾಪ್ಪಿಯಲ್ಲಿ ಇಲ್ಲ.

ಗೋಧಿ, ಬಾರ್ಲಿಗಳ ಬೇಸಾಯದೊಂದಿಗೆ ಪಶ್ಚಿಮ ಏಷ್ಯಾದ ಕಡೆಯಿಂದ ಯುರೋಪಿಗೆ ಹಬ್ಬಿದ ಈ ಗಿಡದ ಬದುಕೆಲ್ಲ ನಿಂತಿರುವುದು ನೇಗಿಲಿನ ಮೇಲೆ. ಇದರ ಬೀಜ ಮೊಳೆಯಲು ಬೆಳಕು ಬೇಕು. ಮಣ್ಣಿನಡಿ ಹೂತುಹೋದ ಬೀಜ ಸಾಯದೆ ದಶಕಗಳ ಕಾಲ ಹಾಗೆಯೇ ಉಳಿದು, ಯಾರಾದರೂ ನೆಲವನ್ನು ಬುಡಮೇಲು ಮಾಡಿ ತನ್ನನ್ನು ಮೇಲಕ್ಕೆ ತಂದ ದಿನ ಚಿಗುರುತ್ತದೆ. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂನ ಫ್ಲಾಂಡರ್ಸ್ ನೆಲವನ್ನು ಫಿರಂಗಿ ಗುಂಡುಗಳು ಉತ್ತು ಹಾಕಿದಾಗ ಆದದ್ದೂ ಇದೇ. ಸೈನಿಕರ ಗೋರಿಗಳ ನಡುವೆ ಅರಳಿದ ಆ ಹೂಗಳನ್ನು ಕೆನಡಾದ ಸೇನಾ ವೈದ್ಯ ಜಾನ್ ಮೆಕ್‌ಕ್ರೇ 1915ರಲ್ಲಿ ಕವಿತೆಯಾಗಿಸಿದರು; 1921ರಿಂದ ಬ್ರಿಟನ್ನಿನಲ್ಲಿ ಈ ಹೂವು ಮಡಿದ ಯೋಧರ ಸ್ಮರಣೆಯ ಗುರುತಾಯಿತು.

ಬೆಳಗಿನ ಹೊತ್ತು ಗಿಡದ ಪಕ್ಕ ಕುಳಿತು ನೋಡುವುದಕ್ಕೆ ಇದರಷ್ಟು ಒಳ್ಳೆಯ ಹೂವು ಕಡಿಮೆ. ತಲೆ ತಗ್ಗಿಸಿದ ಮೊಗ್ಗು ಅರಳುವ ಮುನ್ನ ನೆಟ್ಟಗಾಗುತ್ತದೆ, ಎರಡು ರೋಮಭರಿತ ಪುಷ್ಪಪತ್ರಗಳು ಕಳಚಿ ಬೀಳುತ್ತವೆ, ಒಳಗೆ ಮುದುಡಿಕೊಂಡಿದ್ದ ನಾಲ್ಕು ಎಸಳುಗಳು ಪೆಟ್ಟಿಗೆಯಿಂದ ತೆಗೆದ ರೇಷ್ಮೆ ಸೀರೆಯಂತೆ ಸುಕ್ಕುಸಮೇತ ಬಿಚ್ಚಿಕೊಳ್ಳುತ್ತವೆ. ಮಕರಂದ ಇಲ್ಲವೇ ಇಲ್ಲ, ಪರಾಗವೊಂದೇ. ಅದರ ಬಣ್ಣ ನೀಲಿಗಪ್ಪು. ಹೂವಿನಿಂದ ಎದ್ದ ತುಡುವೆ ಜೇನಿನ ಹಿಂಗಾಲುಗಳಲ್ಲಿ ಮಸಿಯ ಉಂಡೆ ಅಂಟಿದಂತೆ ಕಾಣುತ್ತದೆ. ಒಂದು ಗಿಡದ ಪರಾಗ ಅದೇ ಗಿಡದ ಹೂವಿನಲ್ಲಿ ಬೀಜ ಕಟ್ಟುವುದಿಲ್ಲ. ಪರಾಗ ಬಂದು ಕೂರುವ ಶಲಾಕಾಗ್ರದಲ್ಲಿರುವ ಪ್ರೋಟೀನು ತನ್ನದೇ ಪರಾಗವನ್ನು ಗುರುತು ಹಿಡಿಯುತ್ತದೆ, ಪರಾಗದೊಳಗೆ ಕ್ಯಾಲ್ಸಿಯಂ ಏರುತ್ತದೆ, ಬೆಳೆಯುತ್ತಿದ್ದ ಪರಾಗನಾಳ ಅಲ್ಲೇ ನಿಂತು ಕೊನೆಗೆ ಆ ಕೋಶ ತಾನೇ ಸಾಯುತ್ತದೆ. ಹೀಗಾಗಿ ಬೀಜ ಬೇಕೆನ್ನುವವರು ಒಂದೇ ಗಿಡ ಬೆಳೆಸಿ ಪ್ರಯೋಜನವಿಲ್ಲ, ಹತ್ತಾರು ಗಿಡಗಳು ಒಟ್ಟಿಗೆ ಅರಳಬೇಕು.

ಘಟ್ಟದ ಮೇಲೆ ಇದನ್ನು ಬೆಳೆಸುವವರು ದೀಪಾವಳಿ ಕಳೆದು, ಹಿಂಗಾರಿನ ತುಂತುರು ಪೂರ್ತಿ ನಿಂತ ಮೇಲೆ ಬಿತ್ತುವುದು ಒಳ್ಳೆಯದು. ಮೊದಲ ವರ್ಷ ನಾನು ಟ್ರೇಯಲ್ಲಿ ಸಸಿ ಎಬ್ಬಿಸಿ, ನಂತರ ಕಿತ್ತು ಪಾತಿಯಲ್ಲಿ ನೆಟ್ಟೆ. ಒಂದು ವಾರದೊಳಗೆ ಹೆಚ್ಚಿನವು ಬಾಡಿ ಮಲಗಿದವು. ನೇರವಾಗಿ ಇಳಿಯುವ ತಾಯಿಬೇರು ಕದಲಿದರೆ ಈ ಗಿಡ ಚೇತರಿಸಿಕೊಳ್ಳುವುದು ಕಷ್ಟ. ಬೀಜವನ್ನು ಒಣ ಮರಳಿನೊಂದಿಗೆ ಬೆರೆಸಿ, ಬೆಳೆಯಬೇಕಾದ ಜಾಗದಲ್ಲೇ ಚೆಲ್ಲಿ, ಮಣ್ಣು ಮುಚ್ಚದೆ ಅಂಗೈಯಿಂದ ಮೆಲ್ಲಗೆ ಒತ್ತಿದರೆ ಸಾಕು. ನೀರು ನಿಲ್ಲಬಾರದು. ನಮ್ಮ ಜಂಬಿಟ್ಟಿಗೆ ಮಣ್ಣಿನ ಹುಳಿ ತಗ್ಗಿಸಲು ಒಲೆಯ ಬೂದಿ ಸ್ವಲ್ಪ ಬೆರೆಸಬಹುದು. ಸಸಿ ಎರಡಂಗುಲವಾದಾಗ ಒಂದು ಗೇಣಿಗೊಂದು ಉಳಿಸಿ ಮಿಕ್ಕವನ್ನು ಕೀಳಬೇಕು, ಮನಸ್ಸು ಒಪ್ಪದಿದ್ದರೂ. ಎರಡೂವರೆ, ಮೂರು ತಿಂಗಳಿಗೆ ಹೂವು. ಚಳಿಗಾಲದ ಮಧ್ಯಾಹ್ನವೂ 30 ಡಿಗ್ರಿ ದಾಟುವ, ರಾತ್ರಿಯೂ ಅಷ್ಟಾಗಿ ತಂಪಾಗದ ಕಾರವಾರದ ಕರಾವಳಿಯಲ್ಲಿ ಇದನ್ನು ಬೆಳೆಸಿ ಹೂ ನೋಡುವುದು ಕಷ್ಟವೇ.

ಇದನ್ನು ಬಳಸಿದವರ ಚರಿತ್ರೆ ಹಳೆಯದು. ಪ್ರಾಚೀನ ಈಜಿಪ್ಟಿನ ಸಮಾಧಿಯ ಹೂಮಾಲೆಗಳಲ್ಲಿ ಇದರ ಎಸಳುಗಳು ಸಿಕ್ಕಿವೆ. ಯುರೋಪಿನ ಮನೆಮದ್ದಿನಲ್ಲಿ ಎಸಳಿನ ಕೆಂಪು ಪಾನಕವನ್ನು ಕೆಮ್ಮಿಗೂ ನಿದ್ದೆಗೂ ಕೊಡುತ್ತಿದ್ದರು. ಗಿಡದಲ್ಲಿರುವ ರೀಯಾಡಿನ್ ಎಂಬ ಆಲ್ಕಲಾಯ್ಡ್ ಸೌಮ್ಯವಾಗಿ ಮಂಪರು ತರುತ್ತದೆಂಬುದು ಅದರ ಹಿಂದಿನ ತಿಳಿವಳಿಕೆ. ಟರ್ಕಿಯಲ್ಲಿ ಎಸಳಿನ ಶರಬತ್ತು ಇಂದಿಗೂ ಇದೆ, ಇಟಲಿಯ ಹಳ್ಳಿಗಳಲ್ಲಿ ಹೂ ಬಿಡುವ ಮುಂಚಿನ ಎಳೆ ಸೊಪ್ಪನ್ನು ಬೇಯಿಸಿ ತಿನ್ನುತ್ತಾರೆ. ಹಾಗೆಂದು ಇಲ್ಲಿ ಯಾರೂ ಪ್ರಯೋಗಕ್ಕಿಳಿಯಬಾರದು: ಈ ಗಿಡವನ್ನು ಹೆಚ್ಚು ಮೇಯ್ದ ದನಕರುಗಳಿಗೆ ವಿಷಬಾಧೆಯಾದದ್ದುಂಟು, ಮಕ್ಕಳಿಗಂತೂ ಕೊಡಲೇಬಾರದು.

ಎಸಳು ಉದುರಿದ ಮೇಲೆ ಉಳಿಯುವ ಕಾಯಿಯ ತಲೆಯ ಮೇಲೆ ಚಪ್ಪಟೆ ಮುಚ್ಚಳ, ಅದರ ಕೆಳಗೆ ಸುತ್ತಲೂ ಪುಟ್ಟ ಕಿಂಡಿಗಳು. ಗಾಳಿಗೆ ತೊಟ್ಟು ಓಲಾಡಿದಾಗಲೆಲ್ಲ ಬೀಜಗಳು ಸ್ವಲ್ಪ ಸ್ವಲ್ಪವೇ ಹೊರಬೀಳುತ್ತವೆ. ಇದನ್ನೇ ಮಾದರಿಯಾಗಿಟ್ಟುಕೊಂಡು ರಾವುಲ್ ಫ್ರಾನ್ಸೇ ಎಂಬ ಜೀವಶಾಸ್ತ್ರಜ್ಞರು 1920ರ ಹೊತ್ತಿಗೆ ಉಪ್ಪುದಾನಿಗೆ ಪೇಟೆಂಟ್ ಪಡೆದರು. ಶಿರಸಿಯಲ್ಲಿ ಮಾರ್ಚ್ ಹೊತ್ತಿಗೆ ಕಾಯಿ ಒಣಗಿ ಕಿಂಡಿಗಳು ತೆರೆದುಕೊಳ್ಳುತ್ತವೆ. ಆಗ ತೊಟ್ಟು ಕತ್ತರಿಸಿ ಕಾಗದದ ಮೇಲೆ ಬೋರಲು ಹಿಡಿದು ತಟ್ಟಿದರೆ ಮುಂದಿನ ನವೆಂಬರಿಗೆ ಬೇಕಾದಷ್ಟು ಬೀಜ ಒಂದೆರಡು ಕಾಯಿಗಳಲ್ಲೇ ಸಿಗುತ್ತದೆ.